ಆರತಿ ನೀರಿನ ಬಣ್ಣ

"ಅದ್ಯಾಕವ್ವ, ಆರತಿ ನೀರು ಅಂಬಲಿ ಇದ್ದಂಗೈತೆ?"

ದೊಡ್ಡಗಂಗಮ್ಮನ ಈ ಮಾತಿಗೆ ಬಿಂದುಶ್ರೀಯ ಹೆಬ್ಬೆರಳು ರಿಮೋಟಿನ ಮೇಲೆಯೇ ನಿಂತಿತು.

ಮರಳೂರಿನ ಆ ಮನೆಯ ಮುಂದಿನ ಕೋಣೆಯೇ ಅವಳ ಪತ್ತೇದಾರಿ ಕಚೇರಿ. ವಿಮಾ ಕಂಪನಿಯೊಂದರಲ್ಲಿದ್ದುಕೊಂಡು ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಅಲೆದಲೆದು, ಕೊನೆಗೆ ಸ್ವಂತ ಬೋರ್ಡು ಹಾಕಿಕೊಂಡವಳು ಬಿಂದುಶ್ರೀ. ಬೆಳಗಿನಿಂದ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಒಂದೇ ವಿಡಿಯೋವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದಳು. ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ದೊಡ್ಡಗಂಗಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. ಕುಣಿಗಲ್‌ನ ಕೆರೆ ಏರಿ ರಸ್ತೆಯಲ್ಲಿ ಕರಿಬಸವಯ್ಯ ಎಂಬ ಹಿರಿಯರಿಗೆ ಬೇಕೆಂತಲೇ ಕಾರು ಗುದ್ದಿಸಿ ಓಡಿಹೋದ ಆರೋಪದ ಮೇಲೆ ದೊಡ್ಡಗಂಗಮ್ಮನ ಮಗ ಚನ್ನೇಶ್ ಜೈಲು ಸೇರಿದ್ದ. ಪೊಲೀಸರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಈ ವಿಡಿಯೋ. ಅದರದೊಂದು ನಕಲು ಚನ್ನೇಶನ ವಕೀಲರ ಮೂಲಕ ಅವಳ ಕೈ ಸೇರಿತ್ತು.

ನೋಡುವುದಕ್ಕೆ ಅದು ಮಗುವೊಂದರ ಹುಟ್ಟುಹಬ್ಬದ ವಿಡಿಯೋ. ಸಂಜೆ ಬಿಸಿಲಿನ ತಾರಸಿ. ಸಂಧ್ಯಾ ಎಂಬ ಶಾಲಾ ಶಿಕ್ಷಕಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿಟ್ಟು, ಮಗಳನ್ನು ಕುರ್ಚಿಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದಾಳೆ. ಸ್ಪೀಕರಿನಲ್ಲಿ ಹಾಡು ಜೋರಾಗಿದೆ. ಹಿಂದೆ, ತಾರಸಿಯ ಮೋಟುಗೋಡೆಯಾಚೆ ಕೆರೆ ಏರಿ ರಸ್ತೆ. ಬಿಳಿ ಪಂಚೆಯ ಹಿರಿಯರೊಬ್ಬರು ಅಂಚಿನಲ್ಲಿ ನಡೆದು ಹೋಗುತ್ತಿದ್ದಾರೆ. ಹಿಂದಿನಿಂದ ಬಂದ ಕಾರು ತಿರುವಿನಲ್ಲಿ ಅವರತ್ತ ಹೊರಳಿ, ಗುದ್ದಿ, ನಿಲ್ಲದೆ ಹೋಗುತ್ತದೆ. ತಾರಸಿಯ ಮೇಲಿದ್ದ ಯಾರೂ ತಿರುಗಿ ಸಹ ನೋಡುವುದಿಲ್ಲ.

ನಂಬರ್ ಪ್ಲೇಟು ಧೂಳಿನಲ್ಲಿ ಮುಚ್ಚಿಹೋಗಿತ್ತು. ಆದರೆ ಕಾರಿನ ಆಕಾರ ಸ್ಪಷ್ಟವಾಗಿತ್ತು, ಬಣ್ಣವೂ ಸ್ಪಷ್ಟವಾಗಿತ್ತು. ಕಾಫಿ ಬಣ್ಣ. ಚನ್ನೇಶನದು ಅದೇ ಮಾಡೆಲ್, ಅದೇ ಬಣ್ಣ. ಅವನ ಕಾರಿನ ಮುಂಭಾಗ ನೆಗ್ಗಿಯೂ ಇತ್ತು. ಗೇಟಿಗೆ ತಗುಲಿದ್ದು ಎಂದರೆ ಯಾರು ನಂಬುತ್ತಾರೆ? ಅದೂ ಗುಬ್ಬಿ ಮಾರ್ಕೆಟ್ಟಿನಲ್ಲಿ ನಾಲ್ಕು ಜನರ ಎದುರು ಕರಿಬಸವಯ್ಯನವರಿಗೆ "ನಿಮ್ಮನ್ನ ನೋಡ್ಕೋತೀನಿ" ಎಂದು ಕೂಗಾಡಿದ್ದವನ ಮಾತನ್ನು?

"ಏನಂದ್ರಿ ಅಮ್ಮ, ಇನ್ನೊಂದ್ಸಲ ಹೇಳಿ."

"ಆರತಿ ನೀರು ಕಣವ್ವ. ಅರಿಶಿಣಕ್ಕೆ ಸುಣ್ಣ ಕಲೆಸಿದ್ರೆ ರಕ್ತದಂಗೆ ಕೆಂಪಗಾಯ್ತದೆ. ಇದು ನೋಡು, ರಾಗಿ ಅಂಬಲಿ. ಆ ಮಗೀನ ಹಣೆ ಕುಂಕುಮಾನೂ ಇಟ್ಟಿಗೆ ಪುಡಿ ಇದ್ದಂಗೈತೆ. ನಿನ್ ಟೀವಿ ಕೆಟ್ಟೈತೆ, ಮೊದ್ಲು ರಿಪೇರಿ ಮಾಡ್ಸು."

ಬಿಂದುಶ್ರೀ ನಗಲಿಲ್ಲ. ಇಷ್ಟು ದಿನ ಅವಳು ಆ ರಸ್ತೆಯನ್ನು ನೋಡಿದ್ದಳು, ಕಾರನ್ನು ನೋಡಿದ್ದಳು, ಬಿದ್ದ ಮನುಷ್ಯನನ್ನು ನೋಡಿದ್ದಳು. ಆರತಿ ತಟ್ಟೆಯನ್ನು ನೋಡಿರಲಿಲ್ಲ.

ಟೀವಿಯನ್ನು ಚಾನೆಲ್ಲಿಗೆ ತಿರುಗಿಸಿದಳು. ಯಾವುದೋ ಅಡುಗೆ ಕಾರ್ಯಕ್ರಮ. ಟೊಮ್ಯಾಟೊ ಕೆಂಪಗಿತ್ತು, ಕೊತ್ತಂಬರಿ ಹಸಿರಾಗಿತ್ತು. ಮತ್ತೆ ವಿಡಿಯೋಗೆ ಬಂದಳು. ಎಲ್ಲದರ ಮೇಲೂ ತೆಳ್ಳಗೆ ಬೂದಿ ಬಳಿದ ಹಾಗೆ.

"ಟೀವಿ ಕೆಟ್ಟಿಲ್ಲ ಅಮ್ಮ. ಕೆಟ್ಟಿರೋದು ಬೇರೆ ಏನೋ."

ಸೆಟ್ಟಿಂಗಿಗೆ ಹೋಗಿ ಬಣ್ಣ ಏರಿಸಿದಳು. ಮುಖಗಳೆಲ್ಲ ಕಿತ್ತಳೆಯಾದವು, ಆರತಿ ಮಾತ್ರ ಕೆಂಪಾಗಲಿಲ್ಲ. ಏರಿಸಿದ್ದನ್ನು ಇಳಿಸಿದಳು. ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿದಳು. ಅಲ್ಲೂ ಅದೇ ಬೂದಿ. ತನ್ನ ಹಳೆಯ ಫೋನಿಗೆ ಇಳಿಸಿ ನೋಡಿದಳು. ಅಲ್ಲೂ ಅಷ್ಟೇ.

ಮೂರು ಪರದೆ, ಒಂದೇ ಸಪ್ಪೆ. ವಿಮಾ ಕಂಪನಿಯ ದಿನಗಳು ಅವಳಿಗೆ ಒಂದು ಮಾತು ಕಲಿಸಿದ್ದವು. ಮೂರು ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಸುಳ್ಳು ಹೇಳಿದರೆ, ಆ ಮೂವರಿಗೂ ಗೊತ್ತಿಲ್ಲದ ಸಂಗತಿ ಏನೆಂದು ಹುಡುಕಬೇಕು.

ಫೈಲಿನ ವಿವರ ತೆರೆದಳು. ಅಲ್ಲಿತ್ತು. ಎಚ್‌ಡಿಆರ್.

ಬಿಂದುಶ್ರೀ ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

"ಏನಾಯ್ತವ್ವ?"

"ಅಮ್ಮ, ಈಗಿನ ಒಳ್ಳೆ ಫೋನುಗಳು ಬಿಸಿಲು ನೆರಳು ಎರಡನ್ನೂ ಚೆನ್ನಾಗಿ ಹಿಡಿಯೋಕೆ ಬೆಳಕನ್ನ, ಬಣ್ಣಾನ ಬೇರೆ ಅಳತೆಯಲ್ಲಿ ಬರೆದಿಡ್ತವೆ. ಆ ಅಳತೆ ಗೊತ್ತಿರೋ ಟೀವಿಗೆ ಹಾಕಿದ್ರೆ ಕಣ್ಣಿಗೆ ಕಂಡಂಗೇ ಬರುತ್ತೆ. ಗೊತ್ತಿಲ್ಲದ್ದಕ್ಕೆ ಹಾಕಿದ್ರೆ ಹಿಂಗೆ."

"ಅಂದ್ರೆ?"

"ಸೇರಲ್ಲಿ ಅಳೆದಿಟ್ಟ ರಾಗೀನ ಪಾವು ಅಂತ ಓದ್ಕೊಂಡ್ರೆ ಏನಾಗುತ್ತೆ?"

"ಮನೆಮಂದಿ ಉಪವಾಸ ಬೀಳ್ತಾರೆ."

"ಅದೇ ಆಗಿರೋದು. ಬಣ್ಣಗಳು ಉಪವಾಸ ಬಿದ್ದವೆ."

ಲ್ಯಾಪ್‌ಟಾಪಿನಲ್ಲಿ ವಿಡಿಯೋ ತೋರಿಸಲು ಅವಳು ಬಳಸುತ್ತಿದ್ದ ತಂತ್ರಾಂಶ ಓಬೀರಾಯನ ಕಾಲದ್ದು. ಎಚ್‌ಡಿಆರ್ ಅಳತೆಯನ್ನು ಮಾಮೂಲಿ ಪರದೆಗೆ ಒಗ್ಗಿಸುವ ವಿದ್ಯೆ ಅದಕ್ಕೆ ಬಾರದು. ಹೊಸದನ್ನು ಇಳಿಸಿಕೊಂಡಳು. ಮೊದಲ ಸಲ ಎಲ್ಲರ ಮುಖವೂ ನೇರಳೆಯಾಗಿ, ಹುಟ್ಟುಹಬ್ಬದ ಮನೆ ಭೂತದ ಮನೆಯಾಯಿತು. ದೊಡ್ಡಗಂಗಮ್ಮ "ಶಿವಶಿವಾ" ಎಂದು ಕಣ್ಣು ಮುಚ್ಚಿಕೊಂಡರು. ಬಿಂದುಶ್ರೀ ಒಂದೊಂದೇ ಆಯ್ಕೆಯನ್ನು ತೆಗೆದು ನೋಡಿದಳು, ಹಾಕಿ ನೋಡಿದಳು. ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುವ ಆಯ್ಕೆಯನ್ನು ತೆಗೆದು, ಬಣ್ಣ ಒಗ್ಗಿಸುವ ಆಯ್ಕೆಯನ್ನು ಹಾಕಿ ಮತ್ತೆ ಆಡಿಸಿದಳು.

ತಟ್ಟೆಯಲ್ಲಿ ಆರತಿ ನೀರು ಕೆಂಡದಂತೆ ಕೆಂಪಾಗಿ ಅಲುಗಾಡಿತು. ಮಗುವಿನ ಹಣೆಯ ಕುಂಕುಮ ಕುಂಕುಮವಾಯಿತು. ಹಿಂದಿನ ಕೆರೆಗೆ ನೀಲಿ ಬಂತು.

ತಿರುವಿನಿಂದ ಕಾರು ಹೊರಬಿತ್ತು. ಕೆಂಪು ಕಾರು.

ದೊಡ್ಡಗಂಗಮ್ಮ ಪರದೆಯ ಹತ್ತಿರಕ್ಕೆ ಬಂದು ಆ ಕಾರನ್ನು ಬೆರಳಿನಿಂದ ಮುಟ್ಟಿದರು.

"ನನ್ ಮಗಂದು ಕಾಫಿ ಕಲರು," ಎಂದರು ಮೆಲ್ಲಗೆ. "ನಾನೇ ಆರ್ಸಿದ್ದು. ಕೆಂಪು ಬ್ಯಾಡ, ಕಣ್ಣಾಯ್ತದೆ ಅಂತ."

ಬಿಂದುಶ್ರೀಗೆ ಕುಣಿಯಬೇಕೆನಿಸಿತು. ಆದರೆ ಅವಳೊಳಗಿನ ಹಳೆಯ ಕ್ಲೇಮು ತನಿಖೆಯವಳು ಆಗಲೇ ಕೊಕ್ಕೆ ಹಾಕಿದ್ದಳು. ಬೆಳಿಗ್ಗೆ ಕಾಫಿ ಬಣ್ಣ, ನಡುವೆ ನೇರಳೆ, ಈಗ ಕೆಂಪು. ನಿನಗೆ ಬೇಕಾದ ಬಣ್ಣ ಬರುವ ತನಕ ತಿರುಗಿಸಿದ್ದೀ ಎಂದು ಸರ್ಕಾರಿ ವಕೀಲರು ಕೇಳಿದರೆ? ಬಣ್ಣಕ್ಕೆ ಸಾಕ್ಷಿ ಬೇಕು. ಆ ತಾರಸಿಯ ಮೇಲೆ ಇದ್ದು, ಇವತ್ತು ಕೈಯಲ್ಲಿ ಹಿಡಿಯಬಹುದಾದ ಏನಾದರೂ ಬೇಕು.

ಸಂಧ್ಯಾಗೆ ಫೋನ್ ಮಾಡಿದಳು.

"ಮಗು ಫ್ರಾಕು ಯಾವ ಬಣ್ಣ ಸಂಧ್ಯಾ ಅವ್ರೇ?"

"ದಾಳಿಂಬೆ ಕೆಂಪು. ನಾನೇ ಬಟ್ಟೆ ತಂದು ಹೊಲಿಸಿದ್ದು. ಯಾಕೆ ಮೇಡಂ?"

"ಅದನ್ನ ಒಗೆದು ಬಣ್ಣ ಬಿಡಿಸಿಲ್ಲ ತಾನೆ?"

"ಇಲ್ಲ, ಎತ್ತಿಟ್ಟಿದೀನಿ."

"ಒಳ್ಳೇದಾಯ್ತು. ನಿಮ್ಮ ಫೋನಲ್ಲಿ ಆ ವಿಡಿಯೋ ಈಗ್ಲೂ ಇದೆಯಾ?"

"ಅಳಿಸಿಬಿಟ್ಟೆ. ಆಕ್ಸಿಡೆಂಟ್ ಆಗಿರೋದು ಗೊತ್ತಾದ ಮೇಲೆ ಪೆನ್‌ಡ್ರೈವಿಗೆ ಹಾಕಿ ನಮ್ಮ ಓನರ್‌ಗೆ ಕೊಟ್ಟೆ. ಅವರು ನೋಡಿ, ಅವರೇ ಸ್ಟೇಷನ್ನಿಗೆ ಕೊಟ್ಟು ಬಂದ್ರು. ಪೊಲೀಸರ ಕೈ ಸೇರಾಯ್ತು, ಫೋನಲ್ಲಿದ್ರೆ ಕೋರ್ಟು ಅಂತ ನೀನು ಅಲೀಬೇಕು, ಅಳಿಸಿಬಿಡಮ್ಮ ಅಂದ್ರು."

"ಫೋನಲ್ಲಿ ನೋಡಿದಾಗ ಕಾರು ಯಾವ ಬಣ್ಣ ಕಾಣ್ತಿತ್ತು?"

"ಬೆಂಕಿಪಟ್ಟಣದಷ್ಟು ಕಾಣೋ ಕಾರು ಮೇಡಂ, ಕಣ್ಣು ಮಿಟುಕಿಸೋದ್ರಲ್ಲಿ ಹೋಗುತ್ತೆ. ನಾನು ಬಿದ್ದವರನ್ನ ನೋಡಿ ಗಾಬರಿಯಾಗಿದ್ದೆ. ಪೊಲೀಸರು ಕಾಫಿ ಕಲರ್ ಅಂದ್ರು, ಇರ್ಬೇಕು ಅನ್ಕೊಂಡೆ."

"ನಿಮ್ಮ ಓನರ್ ಯಾರು?"

"ರಾಮಾಂಜಿನಯ್ಯ ಅಂತ. ಕೆಳಗಡೆ ಮನೇಲಿ ಅವರೇ ಇರೋದು."

ಆ ಹೆಸರು ಬಿಂದುಶ್ರೀಗೆ ಹೊಸದಲ್ಲ. ಕರಿಬಸವಯ್ಯನವರು ಅಧ್ಯಕ್ಷರಾಗಿದ್ದ ತೆಂಗು ಬೆಳೆಗಾರರ ಸಂಘಕ್ಕೆ ರಾಮಾಂಜಿನಯ್ಯ ಉಪಾಧ್ಯಕ್ಷರು. ಪ್ರಜ್ಞೆಯಿಲ್ಲದೆ ಮಲಗಿದ್ದ ಗೆಳೆಯನನ್ನು ನೋಡಲು ದಿನಾ ತುಮಕೂರಿನ ಆಸ್ಪತ್ರೆಗೆ ಬರುವವರು. ಅಲ್ಲಿ ಅಣ್ಣನ ಹಾಸಿಗೆ ಬಿಟ್ಟು ಕದಲದೆ ಕೂತ ತಂಗಿ ಬಸವಲಿಂಗಮ್ಮನಿಗೆ ಊಟದ ಕ್ಯಾರಿಯರ್ ತಂದುಕೊಡುವವರು.

"ಅವರ ಹತ್ರ ಕಾರಿದೆಯಾ?"

ಆ ಕಡೆ ಸಂಧ್ಯಾಳ ದನಿ ಇಳಿಯಿತು.

"ಅದೇ ಮಾಡೆಲ್ಲು ಮೇಡಂ. ಕೆಂಪು. ಆದ್ರೆ ಸರ್ವೀಸಿಗೆ ಬಿಟ್ಟಿದೀನಿ ಅಂತಾರೆ. ತುಂಬಾ ದಿನ ಆಯ್ತು, ಬಂದಿಲ್ಲ."

*

ಕುಣಿಗಲ್ ಠಾಣೆಯ ಇನ್‌ಸ್ಪೆಕ್ಟರ್ ಶಿವಮೂರ್ತಿ ಲ್ಯಾಪ್‌ಟಾಪನ್ನು ಎರಡು ಸಲ ನೋಡಿದರು. ಆಮೇಲೆ ತಮ್ಮ ಠಾಣೆಯ ಕಂಪ್ಯೂಟರಿನಲ್ಲಿ ಅದೇ ವಿಡಿಯೋ ಹಾಕಿಸಿ ಪಕ್ಕಪಕ್ಕ ನೋಡಿದರು. ಒಂದರಲ್ಲಿ ಕಾಫಿ, ಒಂದರಲ್ಲಿ ಕೆಂಪು.

"ಬಣ್ಣ ನೋಡಿ ಒಬ್ಬನ್ನ ಒಳಗೆ ಹಾಕಿದೀನಿ ಮೇಡಂ," ಎಂದರು. "ಬಣ್ಣ ತಪ್ಪು ಅಂತಾದ್ರೆ ಬಿಡಿಸೋ ಕೆಲಸಾನೂ ನಂದೇ. ಆದ್ರೆ ರಾಮಾಂಜಿನಯ್ಯ ಊರಿಗೆ ದೊಡ್ಡ ಮನುಷ್ಯ. ನಿಮ್ಮ ಲ್ಯಾಪ್‌ಟಾಪ್ ಏನೋ ಚಮತ್ಕಾರ ಮಾಡ್ತು ಅಂದ್ರೆ ಅವರು ನಕ್ಕು ಕಳಿಸ್ತಾರೆ."

"ನನ್ನ ಲ್ಯಾಪ್‌ಟಾಪ್ ಬೇಡ ಸರ್. ಅವರ ಟೀವಿಲೇ ನೋಡೋಣ. ದೊಡ್ಡದು, ಹೊಸದು, ಎಚ್‌ಡಿಆರ್ ಇರೋದು ಅಂತ ಸಂಧ್ಯಾ ಹೇಳಿದ್ರು. ಅದು ಸುಳ್ಳು ಹೇಳೋದಿಲ್ಲ."

ಶಿವಮೂರ್ತಿ ಟೋಪಿ ಎತ್ತಿಕೊಂಡರು. ಹೊರಡುವ ಮುನ್ನ ಇಬ್ಬರು ಪೇದೆಗಳನ್ನು ಕರೆದು, ಹೆಬ್ಬೂರಿನ ಹತ್ತಿರ ರಾಮಾಂಜಿನಯ್ಯನವರ ತೋಟದಲ್ಲೊಂದು ಕಾಯಿ ಶೆಡ್ಡಿದೆಯೆಂದೂ ಅದನ್ನು ನೋಡಿ ಬರಬೇಕೆಂದೂ ಹೇಳಿ ಕಳಿಸಿದರು.

*

ಮನೆಯ ಬಾಗಿಲು ತೆರೆದವರು ರಾಮಾಂಜಿನಯ್ಯನವರ ಹೆಂಡತಿ ಪುಟ್ಟಗಂಗಮ್ಮ. "ಬನ್ನಿ, ಬನ್ನಿ ಒಳಕ್ಕೆ. ಸಂಧ್ಯಾ ನೀನೂ ಬಾರಮ್ಮ, ಅದೇನು ಕೈಯಲ್ಲಿ ಕವರು? ಕಾಫಿ ಇಡ್ತೀನಿ ಇರಿ," ಎಂದು ಒಂದೇ ಉಸಿರಿನಲ್ಲಿ ಹೇಳಿ ಅಡುಗೆಮನೆಗೆ ಹೋದರು.

ಹಜಾರದ ಒಂದು ಗೋಡೆಯನ್ನು ಅರ್ಧಕ್ಕರ್ಧ ಟೀವಿಯೇ ತಿಂದಿತ್ತು. ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟ ರಾಮಾಂಜಿನಯ್ಯ ದಿವಾನದ ಮೇಲೆ ಕೂತಿದ್ದರು. ಅಗಲ ಮುಖ, ತೂಕದ ಮಾತು.

"ವಿಡಿಯೋ ಇನ್ನೊಂದ್ಸಲ ನೋಡ್ಬೇಕಾಗಿತ್ತು ಸರ್. ನಿಮ್ಮ ಟೀವಿ ದೊಡ್ಡದು ಅಂದ್ರು," ಎಂದರು ಶಿವಮೂರ್ತಿ.

"ಧಾರಾಳವಾಗಿ ನೋಡಿ. ನಮ್ಮ ಕರಿಬಸವಣ್ಣನ್ನ ಆ ಸ್ಥಿತಿಗೆ ತಂದವನಿಗೆ ಶಿಕ್ಷೆ ಆಗೋದಾದ್ರೆ ಟೀವೀನೇ ಕಿತ್ಕೊಂಡು ಹೋಗಿ," ಎಂದರು ರಾಮಾಂಜಿನಯ್ಯ. ಪೆನ್‌ಡ್ರೈವನ್ನು ಅವರೇ ಎದ್ದು ಹಾಕಿದರು. ರಿಮೋಟು ಅವರ ಕೈಯಲ್ಲೇ ಉಳಿಯಿತು.

ತಾರಸಿ ಬಂತು. ಆರತಿ ಬಂತು. ಬಿಂದುಶ್ರೀ ಕಾರಿಗಾಗಿ ಕಾದಳು.

ಕಾರು ಬಂತು. ಕಾಫಿ ಬಣ್ಣದ್ದು.

ಇನ್‌ಸ್ಪೆಕ್ಟರ್ ಅವಳತ್ತ ನೋಡಿದರು. ಸಂಧ್ಯಾ ತನ್ನ ಮಡಿಲಲ್ಲಿದ್ದ ಕವರಿನ ಬಾಯನ್ನು ಮತ್ತೆ ಮಡಿಸಿದಳು.

"ಏನಮ್ಮ, ಈಗ ಸಮಾಧಾನ ಆಯ್ತಾ?" ರಾಮಾಂಜಿನಯ್ಯ ಬಿಂದುಶ್ರೀಯತ್ತ ತಿರುಗಿದರು. ದನಿಯಲ್ಲಿ ಬೇಸರವಿರಲಿಲ್ಲ, ಮರುಕವಿತ್ತು. "ಆ ಹುಡುಗನ ತಾಯಿ ಕಣ್ಣೀರು ನೋಡಿ ನಿಮಗೆ ಕರುಳು ಚುರ್ ಅಂದಿದೆ. ನನಗೂ ಅನ್ನುತ್ತೆ. ಆದ್ರೆ ಇಷ್ಟು ದೊಡ್ಡ ಟೀವಿಲೂ ಕಾಫಿ ಬಣ್ಣಾನೇ ಕಾಣ್ತಿದೆಯಲ್ಲ, ಏನು ಮಾಡೋಕಾಗುತ್ತೆ?"

ಬಿಂದುಶ್ರೀ ಪರದೆಯನ್ನೇ ನೋಡುತ್ತಿದ್ದಳು. ಆರತಿ ನೀರು ಇಲ್ಲೂ ಅಂಬಲಿ. ಹೊಸ ಟೀವಿ, ಎಚ್‌ಡಿಆರ್ ಟೀವಿ. ಆದರೂ ಅಂಬಲಿ. ಯಾಕೆ?

ಅಷ್ಟರಲ್ಲಿ ಕಾಫಿ ತಟ್ಟೆಯೊಂದಿಗೆ ಬಂದ ಪುಟ್ಟಗಂಗಮ್ಮ ಟೀವಿ ಕಡೆ ಒಮ್ಮೆ ನೋಡಿ ಮೂಗು ಮುರಿದರು.

"ಇದ್ರಲ್ಲಿ ಏನು ನೋಡ್ತೀರಾ, ಕೆಟ್ಟು ಕೂತೈತೆ."

"ಕೆಟ್ಟಿದೆಯಾ?" ಬಿಂದುಶ್ರೀ ಕಾಫಿ ಲೋಟಕ್ಕೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಏನಾಗಿದೆ ಅಮ್ಮ?"

"ಸೀರಿಯಲ್ಲೆಲ್ಲ ಚೆನ್ನಾಗೇ ಬರ್ತವೆ. ಬೆಂಗಳೂರಿಂದ ಮೊಮ್ಮಗಳ ವಿಡಿಯೋ ಕಳಿಸ್ತಾಳೆ ನನ್ನ ಮಗಳು, ಅವು ಮಾತ್ರ ಬೂದಿ ಬಳ್ದಂಗೆ ಬರ್ತವೆ. ಮುಂಚೆ ಎದುರಿಗೇ ಬಂದು ನಿಂತಂಗೆ ಬರ್ತಿದ್ವು. ಮೆಕ್ಯಾನಿಕ್ ಕರೀರಿ ಅಂದ್ರೆ ಇವ್ರು ಬೇಡ ಅಂತಾರೆ."

"ಪುಟ್ಟಿ, ಒಳಗೆ ಹೋಗು," ಎಂದರು ರಾಮಾಂಜಿನಯ್ಯ.

"ಯಾವಾಗಿಂದ ಹಿಂಗೆ?" ಬಿಂದುಶ್ರೀ ಕೇಳಿದಳು.

"ಕರಿಬಸವಣ್ಣಂಗೆ ಹಿಂಗಾಯ್ತಲ್ಲ, ಅದರ ಹಿಂದೆನೇ. ಒಂದು ಕಷ್ಟ ಬಂದ್ರೆ ಮನೇಲಿ ಎಲ್ಲಾ ಕೆಡ್ತವೆ."

ಬಿಂದುಶ್ರೀ ಎದ್ದಳು. ಸೀರಿಯಲ್ ಸರಿ, ಮೊಮ್ಮಗಳ ವಿಡಿಯೋ ಬೂದಿ. ಮಾಮೂಲಿ ಅಳತೆಯದು ಸರಿ, ಹೊಸ ಅಳತೆಯದು ತಪ್ಪು. ಟೀವಿ ಕೆಟ್ಟರೆ ಹೀಗೆ ಆರಿಸಿ ಆರಿಸಿ ಕೆಡುವುದಿಲ್ಲ.

"ಸರ್, ರಿಮೋಟ್ ಕೊಡ್ತೀರಾ?"

"ಯಾಕೆ?"

"ಮೆಕ್ಯಾನಿಕ್ ಖರ್ಚು ಉಳಿಸ್ತೀನಿ."

ರಾಮಾಂಜಿನಯ್ಯ ಕೊಡಲಿಲ್ಲ. ರಿಮೋಟನ್ನು ತೊಡೆಯ ಪಕ್ಕಕ್ಕೆ ಸರಿಸಿಕೊಂಡರು. "ಇದು ಸೂಕ್ಷ್ಮದ ವಸ್ತು. ಕಂಡಕಂಡವರು ಒತ್ತೋದಲ್ಲ."

"ಕೊಡಿ ಸರ್," ಎಂದರು ಶಿವಮೂರ್ತಿ. ಅವರ ದನಿ ಏರಿರಲಿಲ್ಲ. ಆದರೆ ಅದು ಅತಿಥಿಯ ದನಿಯೂ ಆಗಿರಲಿಲ್ಲ.

ರಿಮೋಟು ಕೈ ಬದಲಾಯಿತು.

ಬಿಂದುಶ್ರೀ ಸೆಟ್ಟಿಂಗ್ ತೆರೆದಳು. ಪಿಕ್ಚರ್. ಅದರೊಳಗೆ ಇನ್ನೊಂದು ಪಟ್ಟಿ, ಅದರ ತಳದಲ್ಲಿ ಯಾರೂ ಸುಮ್ಮಸುಮ್ಮನೆ ಹೋಗದ ಮೂಲೆಯಲ್ಲಿ, ಎಚ್‌ಡಿಆರ್ ಮೋಡ್. ಅದರ ಎದುರಿಗೆ ಇದ್ದ ಪದವನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು.

"ಆಫ್."

ಆಟೋ ಎಂದು ಮಾಡಿ, ವಿಡಿಯೋವನ್ನು ಮೊದಲಿನಿಂದ ಬಿಟ್ಟಳು.

ಗೋಡೆಯ ಮೇಲೆ ಬಿಸಿಲು ಬಿತ್ತು. ಹಾಗೆಂದೇ ಅನ್ನಿಸಿತು ಎಲ್ಲರಿಗೂ. ಸಂಜೆಯ ಹೊಂಬಿಸಿಲು ತಾರಸಿಯಿಂದ ಹಜಾರಕ್ಕೆ ಇಳಿದು ಬಂದಂತಿತ್ತು. ಮಾವಿನ ತೋರಣ ಹಸಿರಾಯಿತು, ಆರತಿ ಕೆಂಪಾಯಿತು, ಮಗು ನಕ್ಕಿತು.

"ಈಗ ಸರಿ ಹೋಯ್ತು ನೋಡಿ," ಎಂದು ಪುಟ್ಟಗಂಗಮ್ಮ ಖುಷಿಯಿಂದ ಹೇಳಿದರು. "ಇಷ್ಟಕ್ಕೆ ಇಷ್ಟು ದಿನ ಬೇಕಾಯ್ತಾ?"

ತಿರುವಿನಿಂದ ಕಾರು ಬಂತು. ಬಿಂದುಶ್ರೀ ಅಲ್ಲೇ ನಿಲ್ಲಿಸಿದಳು. ಕುಣಿಗಲ್‌ನ ಬೀದಿಗಳಲ್ಲಿ ಎಲ್ಲರೂ ಕಂಡಿದ್ದ ಕೆಂಪು ಕಾರು, ಗೋಡೆಯ ತುಂಬ.

ಪುಟ್ಟಗಂಗಮ್ಮನ ಮುಖದ ನಗು ಅಲ್ಲೇ ಉಳಿದು, ನಿಧಾನವಾಗಿ ಒಣಗಿತು.

"ಹೊಸ ಟೀವಿಗಳು ಬಣ್ಣ ಜಾಸ್ತಿ ಮಾಡಿ ತೋರಿಸ್ತವೆ," ಎಂದರು ರಾಮಾಂಜಿನಯ್ಯ. "ಕಾಫಿ ಬಣ್ಣಾನ ಕೆಂಪು ಮಾಡೋದು ಅದಕ್ಕೇನು ಕಷ್ಟ?"

"ಆ ಪ್ರಶ್ನೆ ನಾನೂ ಬೆಳಿಗ್ಗೆ ಕೇಳ್ಕೊಂಡೆ," ಎಂದಳು ಬಿಂದುಶ್ರೀ. "ಸಂಧ್ಯಾ, ಬನ್ನಿ."

ಸಂಧ್ಯಾ ಕವರಿನಿಂದ ಫ್ರಾಕನ್ನು ತೆಗೆದಳು. ಅದನ್ನು ಟೀವಿಯ ಪಕ್ಕಕ್ಕೆ, ಮಗುವಿನ ಚಿತ್ರಕ್ಕೆ ತಾಗುವಂತೆ ಹಿಡಿದಳು. ಪರದೆಯ ಒಳಗಿನ ದಾಳಿಂಬೆ ಕೆಂಪು, ಹೊರಗಿನ ದಾಳಿಂಬೆ ಕೆಂಪು. ಎಲ್ಲಿ ಪರದೆ ಮುಗಿಯಿತು, ಎಲ್ಲಿ ಬಟ್ಟೆ ಶುರುವಾಯಿತು ಎಂದು ಹುಡುಕಬೇಕಿತ್ತು.

ಬಿಂದುಶ್ರೀ ಮತ್ತೆ ಆಫ್ ಮಾಡಿದಳು. ಪರದೆಯ ಫ್ರಾಕು ಮಣ್ಣಿನ ಬಣ್ಣಕ್ಕೆ ಇಳಿಯಿತು. ಸಂಧ್ಯಾಳ ಕೈಯಲ್ಲಿದ್ದದ್ದು ಕೆಂಪಾಗಿಯೇ ಉಳಿಯಿತು. ಮತ್ತೆ ಆಟೋ ಮಾಡಿದಳು. ಎರಡೂ ಒಂದಾದವು.

"ಟೀವಿ ಬಣ್ಣ ಹೆಚ್ಚು ಮಾಡಿದ್ರೆ ಈ ಫ್ರಾಕಿನದ್ದೂ ಹೆಚ್ಚಾಗ್ಬೇಕಿತ್ತು ಸರ್. ಆಗಿಲ್ಲ. ಫ್ರಾಕು ನಿಜ ಹೇಳ್ತಿದ್ರೆ ಅದೇ ಬಿಸಿಲಲ್ಲಿ, ಅದೇ ವಿಡಿಯೋದಲ್ಲಿರೋ ಕಾರೂ ನಿಜ ಹೇಳ್ತಿದೆ."

ಬಿಂದುಶ್ರೀ ರಾಮಾಂಜಿನಯ್ಯನವರ ಎದುರಿಗೆ ಬಂದು ನಿಂತಳು.

"ಸಂಧ್ಯಾ ಕೊಟ್ಟಾಗ ಈ ಟೀವಿಲಿ ನೀವು ಒಬ್ರೇ ನೋಡಿದ್ರಿ. ನಿಮ್ಮ ಕಾರು ಹಿಂಗೇ ಕೆಂಪಗೆ ಕಾಣ್ತು. ಕೊಡದೆ ಇರೋಣ ಅಂದ್ರೆ ಸಂಧ್ಯಾಗೆ ಆಗಲೇ ಗೊತ್ತಿತ್ತು. ಎದೆ ಗಟ್ಟಿ ಮಾಡ್ಕೊಂಡು ಸ್ಟೇಷನ್ನಿಗೆ ಹೋದ್ರಿ. ಅಲ್ಲಿನ ಕಂಪ್ಯೂಟರಲ್ಲಿ ಅದು ಕಾಫಿ ಬಣ್ಣ ಆಗಿತ್ತು. ದೇವರೇ ಕಾಪಾಡಿದ ಅನ್ಕೊಂಡ್ರಿ. ಮನೆಗೆ ಬಂದು ಸಂಧ್ಯಾ ಕೈಲಿ ಫೋನಿಂದ ಅಳಿಸಿದ್ರಿ. ಈ ಟೀವಿಲಿ ಯಾಕೆ ಬೇರೆ ಬಣ್ಣ ಬಂತು ಅಂತ ಹುಡುಕಿ, ಅದನ್ನೂ ಆಫ್ ಮಾಡಿದ್ರಿ."

"ಯಾರೋ ಮಕ್ಕಳು ಒತ್ತಿರ್ಬೇಕು."

"ನಮ್ಮನೇಲಿ ಯಾವ ಮಕ್ಕಳವೆ?" ಎಂದರು ಪುಟ್ಟಗಂಗಮ್ಮ. ಅವರು ಬಿಂದುಶ್ರೀಗಲ್ಲ, ಗಂಡನಿಗೆ ಹೇಳಿದ್ದರು. "ಮೊಮ್ಮಗಳು ಬರ್ಲಿ ಬರ್ಲಿ ಅಂತ ಕಾಯ್ತಾ ಕೂತಿದೀನಿ. ರಿಮೋಟು ನಿಮ್ಮ ಕೈ ಬಿಟ್ಟು ಇನ್ಯಾರ ಕೈಗೆ ಹೋಗೈತೆ ಈ ಮನೇಲಿ?"

ಇನ್‌ಸ್ಪೆಕ್ಟರರ ಫೋನು ಸದ್ದು ಮಾಡಿತು. ಕೇಳಿಸಿಕೊಂಡು, ಒಂದೆರಡು ಸಲ "ಸರಿ" ಎಂದು ಇಟ್ಟರು.

"ಹೆಬ್ಬೂರು ಶೆಡ್ಡಲ್ಲಿ, ಟಾರ್ಪಾಲು ಹೊದಿಸಿ ಮೇಲೆ ತೆಂಗಿನ ಗರಿ ಹೇರಿದಾರಂತೆ. ನಿಮ್ಮ ಕಾರು, ಸರ್. ಮುಂದಿನ ಗಾಜು ಒಡೆದಿದೆಯಂತೆ."

ಆಗ ರಾಮಾಂಜಿನಯ್ಯನವರ ಬೆನ್ನು ಬಾಗಿತು. ಅಲ್ಲಿಯ ತನಕ ದಿವಾನದ ಮೇಲೆ ಕೂತಿದ್ದ ದೊಡ್ಡ ಮನುಷ್ಯ ಎಲ್ಲಿ ಹೋದರೋ, ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುವ ಮುದುಕನೊಬ್ಬ ಉಳಿದ.

"ಗುದ್ದಿದ್ದು ನಾನೇ," ಎಂದರು. "ಬಿಸಿಲು ಕಣ್ಣಿಗೆ ಹೊಡೀತು. ಕೈ ತಪ್ಪಿತು. ಹೆದರ್ಕೊಂಡು ಓಡಿದೆ. ಕಾರಲ್ಲಿ ನಾನೊಬ್ಬನೇ ಇದ್ದೆ."

ಪುಟ್ಟಗಂಗಮ್ಮ ಕಾಫಿ ತಟ್ಟೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತರು.

ಶಿವಮೂರ್ತಿ ಒಂದು ಕ್ಷಣವೂ ಕಾಯದೆ ಬಿಂದುಶ್ರೀಯತ್ತ ತಿರುಗಿದರು. "ಆ ತಾಯಿಗೆ ಮೊದಲು ಫೋನ್ ಮಾಡಿ. ಕೋರ್ಟಿಗೆ ವರದಿ ನಾನೇ ಹಾಕ್ತೀನಿ, ಚನ್ನೇಶನ್ನ ಬಿಡಿಸೋದು ನನ್ನ ಜವಾಬ್ದಾರಿ ಅಂತ ಹೇಳಿ."

ಬಿಂದುಶ್ರೀ ವರಾಂಡಕ್ಕೆ ಬಂದು ಮರಳೂರಿನ ಮನೆಗೆ ಫೋನ್ ಹಚ್ಚಿದಳು. ಅಲ್ಲೇ ಕಾದು ಕೂತಿದ್ದ ದೊಡ್ಡಗಂಗಮ್ಮ ವಿಷಯ ಕೇಳಿ ಅಳಲಿಲ್ಲ.

"ನನ್ ಮಗ ಅಂಥೋನಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ ಕಣವ್ವ. ಒಬ್ರಾದ್ರೂ ನಂಬ್ಲಿಲ್ಲ. ಈಗ ಗುಬ್ಬಿ ಮಾರ್ಕೆಟ್ಟಲ್ಲಿ ತಲೆ ಎತ್ಕೊಂಡು ಓಡಾಡ್ತೀನಿ."

"ಓಡಾಡಿ ಅಮ್ಮ. ಇದನ್ನ ಮೊದಲು ಕಂಡಿದ್ದು ನಿಮ್ಮ ಕಣ್ಣೇ."

ಹಲವು ದಿನಗಳಿಂದ ಎದೆಯ ಮೇಲಿದ್ದ ಚಪ್ಪಡಿ ಜಾರಿ ಬಿದ್ದಂತಾಗಿ, ಬಿಂದುಶ್ರೀ ಒಬ್ಬಳೇ ನಿಂತು ಮನಸಾರೆ ನಕ್ಕಳು. ನಗುತ್ತಲೇ ಒಳಗೆ ಬಂದಳು. ಪೆನ್‌ಡ್ರೈವ್ ಬಿಚ್ಚಿಕೊಳ್ಳುವ ಮುನ್ನ, ಗೆದ್ದ ಖುಷಿಗೆ, ಆ ಕೆಂಪು ಕಾರನ್ನು ಇನ್ನೊಂದು ಸಲ ಓಡಿಸಿದಳು.

ಕಾರು ಹೊರಳಿತು, ಗುದ್ದಿತು, ಮುಂದಕ್ಕೆ ಹೋಯಿತು. ಅದರ ಎಡಬಾಗಿಲ ಕೆಳಗೆ ಏನೋ ಪಟಪಟನೆ ಹಾರಿತು.

ಬೂದಿ ಬಣ್ಣದಲ್ಲಿ ಅದು ರಸ್ತೆಯ ಧೂಳಿನಲ್ಲಿ ಬೆರೆತುಹೋಗಿತ್ತು. ಎಲ್ಲರೂ ಅದನ್ನು ಧೂಳೆಂದೇ ತಿಳಿದಿದ್ದರು. ಅವಳು ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿದಳು.

ಬಾಗಿಲಿಗೆ ಸಿಕ್ಕಿಕೊಂಡ ಸೆರಗು. ಎದ್ದು ಹೊಡೆಯುವ ಗುಲಾಬಿ ಬಣ್ಣ. ಅದರ ತುದಿಯಲ್ಲಿ ದಪ್ಪನೆಯ ನೀಲಿ ಗೆರೆ.

"ಒಬ್ಬನೇ ಇದ್ದೆ ಅಂದ್ರಿ," ಎಂದಳು ಬಿಂದುಶ್ರೀ.

ರಾಮಾಂಜಿನಯ್ಯ ತಲೆ ಎತ್ತಿ ಪರದೆ ನೋಡಿದರು. ತಪ್ಪೊಪ್ಪಿಕೊಂಡಾಗಲೂ ಇಷ್ಟು ಬಿಳಿಚಿರಲಿಲ್ಲ ಅವರ ಮುಖ.

ನೆಲದ ಮೇಲೆ ಕೂತಿದ್ದ ಪುಟ್ಟಗಂಗಮ್ಮ ಎದ್ದು ಟೀವಿಯ ಹತ್ತಿರಕ್ಕೆ ಹೋದರು.

"ಸೆರಗಿನ ಆ ನೀಲಿ ಕುಚ್ಚು ನಾನೇ ಹಾಕಿದ್ದು," ಎಂದರು. ದನಿ ಯಾರದೋ ಎಂಬಂತಿತ್ತು. "ಗುಲಾಬಿಗೆ ನೀಲಿ ಒಪ್ಪಲ್ಲ ಕಣೇ ಅಂದೆ. ಕೇಳ್ಲಿಲ್ಲ. ನೀಲೀನೇ ಬೇಕು, ದಪ್ಪಗಿರ್ಲಿ ಅಂತ ಹಟ ಮಾಡಿ ಹಾಕಿಸ್ಕೊಂಡ್ಳು."

"ಪುಟ್ಟಿ, ಬಾಯಿ ಮುಚ್ಚು."

"ಯಾರು ಅಮ್ಮ?" ಬಿಂದುಶ್ರೀ ಕೇಳಿದಳು. "ಯಾರು ಹಾಕಿಸ್ಕೊಂಡಿದ್ದು?"

ಪುಟ್ಟಗಂಗಮ್ಮ ಗಂಡನ ಕಡೆ ತಿರುಗಿ ನೋಡಲಿಲ್ಲ.

"ಬಸವಲಿಂಗಿ. ಕರಿಬಸವಣ್ಣನ ತಂಗಿ."

ಶಿವಮೂರ್ತಿ ಆಗಲೇ ಆಸ್ಪತ್ರೆಯಲ್ಲಿ ಕಾವಲಿದ್ದ ಪೇದೆಗೆ ಫೋನ್ ಮಾಡಿದ್ದರು. ಆ ಕಡೆಯ ದನಿ ಹಜಾರದಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತು, ಸಂತೋಷವಾಗಿತ್ತು.

"ಸರ್, ನಾನೇ ಮಾಡೋಣ ಅಂತಿದ್ದೆ. ಯಜಮಾನ್ರು ಕಣ್ಣು ಬಿಟ್ರು, ಏನೋ ಹೇಳೋಕೆ ಬಾಯಿ ಆಡಿಸ್ತಿದ್ರು. ಡಾಕ್ಟರ್ ಕರೆಯೋಕೆ ಕಳ್ಸಿದೀವಿ. ನೀವು ಹೇಳ್ದಂಗೆ ಹೊರಗಿನವರು ಯಾರನ್ನೂ ಒಳಗೆ ಬಿಟ್ಟಿಲ್ಲ ಸರ್."

"ಒಳಗೆ ಯಾರಿದಾರೆ?"

"ಅವ್ರ ತಂಗಿ ಒಬ್ರೇ ಸರ್," ಎಂದಿತು ಆ ದನಿ. "ಚಿಲಕ ಹಾಕ್ಕೊಂಡವ್ರೆ."